ಕೋಳಿ ದಾಟದ ಹೊಸ್ತಿಲು

"ಕುರಿ ಮಾಡ್ಕಳ್ರಿ, ಮೀನು ಮಾಡ್ಕಳ್ರಿ, ನಮ್ದೇನೂ ತಕರಾರಿಲ್ಲ. ಕೋಳಿ ಮಾತ್ರ ಈ ಹೊಸ್ತಿಲು ದಾಟಂಗಿಲ್ಲ. ಮೊಟ್ಟೆನೂ ಅಷ್ಟೆ."

ಚಳ್ಳಕೆರೆಯಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟ ಬೋರಮ್ಮ ಬೀಗದ ಕೈ ಕೊಡುವ ಮೊದಲು ಹೇಳಿದ ಮಾತಿದು. ಹೊರಗೆ ಬಿಸಿಲು ಬಾಣಲೆಯ ಹಾಗೆ ಕಾದಿತ್ತು. ಸಾಮಾನಿನ ಗಾಡಿಯವನು ಬೇಗ ಇಳಿಸಿಕೊಳ್ಳಿ ಎಂದು ಅವಸರ ಮಾಡುತ್ತಿದ್ದ. ನಾನು ದೇವರ ಪಟಗಳ ಗಂಟನ್ನು ಎದೆಗವಚಿಕೊಂಡು, ಈ ಹೆಂಗಸು ಹೇಳುತ್ತಿರುವುದು ನನಗೆ ಸರಿಯಾಗಿ ತಿಳಿಯಿತೋ ಇಲ್ಲವೋ ಎಂದು ನಿಂತಿದ್ದೆ.

ನಮ್ಮ ಕುಂದಾಪುರದ ಕಡೆ ಬಾಡಿಗೆಗೆ ಮನೆ ಕೇಳಿದರೆ ಮೀನು ತಿನ್ನುವವರಾ ಎಂದು ಕೇಳುವುದುಂಟು. ತಿನ್ನುವವರು ಎಂದರೆ ಎಲ್ಲ ತಿನ್ನುವವರು, ಇಲ್ಲವೆಂದರೆ ಏನೂ ಇಲ್ಲ. ಕುರಿ ಆಗುತ್ತದೆ, ಕೋಳಿ ಆಗುವುದಿಲ್ಲ ಎನ್ನುವ ಲೆಕ್ಕ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮಲ್ಲಿ ಅಳಿಯ ಬಂದರೆ ಕೋಳಿ. ಮನೆಯ ದೈವ ಹಾಯ್ಗುಳಿಗೆ ವರ್ಷಕ್ಕೊಮ್ಮೆ ಕೋಳಿ ಕೊಡದಿದ್ದರೆ ಅಜ್ಜಿಗೆ ಅನ್ನ ಇಳಿಯುತ್ತಿರಲಿಲ್ಲ. ಇದು ಈ ಮುದುಕಿಯ ಸ್ವಂತ ಹರಕೆ ಇರಬೇಕು ಎಂದುಕೊಂಡು ತಲೆಯಾಡಿಸಿದೆ. ಮನೆ ಸಿಕ್ಕಿತಲ್ಲ, ನಲ್ಲಿಯಲ್ಲಿ ನೀರು ಬಂತಲ್ಲ, ಅಷ್ಟಕ್ಕೇ ದೇವರಿಗೆ ಕೈಮುಗಿದೆ.

ನಾವು ಇಲ್ಲಿಗೆ ಬಂದದ್ದು ನಮ್ಮ ಯಜಮಾನರ ಕೆಲಸದ ಸಲುವಾಗಿ. ಊರಿನ ಸೊಸೈಟಿಯ ಕೆಲಸ ಹೋದ ಮೇಲೆ ಇವರಿಗೆ ಸಿಕ್ಕಿದ್ದು ಪರದೇಶದ ದುಡ್ಡಿನಲ್ಲಿ ನಡೆಯುವ ಒಂದು ಸಂಸ್ಥೆಯ ನೌಕರಿ. ಎಲ್ಲೋ ಹಿಮ ಬೀಳುವ ದೇಶದ ಜನ ಕೂಡಿಸಿದ ಹಣ, ದೊಡ್ಡ ಊರಿನ ಕಚೇರಿಗೆ ಬಂದು, ಅಲ್ಲಿಂದ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ನೀರಿನ ತೊಟ್ಟಿಯಾಗಿಯೋ, ಕುರಿಯಾಗಿಯೋ, ತರಬೇತಿಯಾಗಿಯೋ ಇಳಿಯುತ್ತದೆ. ಇಳಿಸುವುದು ಇವರ ಕೆಲಸ. ಕೆಲಸ ವರ್ಷದ ಕರಾರಿನದು. ವರ್ಷ ಮುಗಿಯುವಾಗ ಪರದೇಶದವರು ನೋಡಿ ಸರಿ ಎಂದರೆ ಮುಂದಿನ ವರ್ಷ. ಇಲ್ಲವಾದರೆ ಗಂಟು ಕಟ್ಟುವುದು. ಇವರ ವಯಸ್ಸಿನವರಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಊರು ಬಿಡುವ ದಿನ ನಾನು ಹಾಯ್ಗುಳಿಯ ಮುಂದೆ ನಿಂತು ಹೇಳಿಕೊಂಡೆ: ಇವರ ಕೆಲಸ ಉಳಿಸಿಕೊಡು, ಒಂದು ಹುಂಜ ತಂದೊಪ್ಪಿಸುತ್ತೇನೆ. ಆ ಹರಕೆ ಹೊತ್ತುಕೊಂಡೇ ಕೋಳಿ ಬಾರದ ಮನೆಯೊಳಗೆ ಬಲಗಾಲಿಟ್ಟಿದ್ದೆ ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಮೊದಲ ತಿಂಗಳುಗಳಲ್ಲಿ ನನಗೆ ಹೆಚ್ಚು ಹೆದರಿಕೆಯಾದದ್ದು ಇಲ್ಲಿನ ಆಕಾಶಕ್ಕೆ. ನಮ್ಮಲ್ಲಿ ಕಣ್ಣೆತ್ತಿದರೆ ತೆಂಗಿನ ಗರಿ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡವಿಲ್ಲ. ಗಾಳಿ ಬೀಸಿದರೆ ಎಣ್ಣೆ ಮಿಲ್ಲಿನ ಶೇಂಗಾ ವಾಸನೆ ಮನೆಯೊಳಗೆಲ್ಲ ತುಂಬುತ್ತದೆ. ಕೊಬ್ಬರಿ ಎಣ್ಣೆಯ ಒಗ್ಗರಣೆಗೆ ಹೊಂದಿಕೊಂಡ ಮೂಗು ನನ್ನದು, ವಾರಗಟ್ಟಲೆ ತಲೆನೋವು. ನನ್ನ ಮಾತು ಅಂಗಡಿಯವನಿಗೆ ತಿಳಿಯುತ್ತಿರಲಿಲ್ಲ. "ಎಂತ" ಎಂದರೆ ಅವನು ನಗುತ್ತಿದ್ದ, "ಐತೆ" ಎಂದರೆ ನಾನು ತಡವರಿಸುತ್ತಿದ್ದೆ. ಇಡೀ ಹಗಲು ಮಾತಾಡಲು ಜನವಿಲ್ಲದೆ ದೇವರ ಮುಂದೆಯೇ ಗಟ್ಟಿಯಾಗಿ ಮಾತಾಡುವ ಅಭ್ಯಾಸ ಬಂತು. ಅದೇ ತಲೆಬಾಗಿಲಿನ ಪಕ್ಕದ ಪಾಲಿನಲ್ಲಿದ್ದು ಅದನ್ನು ಗೋಡೆಯಾಚೆ ಕೇಳಿಸಿಕೊಂಡ ಬೋರಮ್ಮ ಒಂದು ಮಧ್ಯಾಹ್ನ ಮೊರದ ತುಂಬ ಶೇಂಗಾ ತಂದು ನನ್ನ ಮುಂದೆ ಸುರಿದು, "ಸುಲಿ ಬಾ ಶಾರದಮ್ಮ. ದೇವರಿಗೂ ಒಸಿ ಬಿಡುವು ಬೇಕು," ಅಂದರು. ಅಂದಿನಿಂದ ಮಧ್ಯಾಹ್ನಗಳು ಸಹಿಸುವಂತಾದವು. ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದ್ದು ಅವರೇ. ಮೊದಲ ಸಲ ಗಂಟಿಲ್ಲದ ಮುದ್ದೆ ತಿರುವಿದ ದಿನ ನನಗೆ ಹಬ್ಬ.

ಒಮ್ಮೆ ಇವರು ಮೊಳಕಾಲ್ಮೂರಿಗೆ ಹೋಗುವಾಗ ನನ್ನನ್ನೂ ಕರೆದೊಯ್ದರು. ರೇಷ್ಮೆ ಸೀರೆ ನೇಯುವವರ ಮನೆ. ಮನೆಯೊಡತಿ ತೆಲುಗಿನವರು, ನನ್ನ ಭಾಷೆ ಅವರಿಗಿಲ್ಲ, ಅವರದ್ದು ನನಗಿಲ್ಲ. ಮಜ್ಜಿಗೆ ಕೊಟ್ಟು, ಮಗ್ಗದ ಪಕ್ಕ ಕೂರಿಸಿದರು. ಮೂಲೆಯಲ್ಲಿ ಒಂದು ಹೊಲಿಗೆ ಮಿಷನ್ ಇತ್ತು. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ವೆಂಕಟರಮಣನ ಪಟ, ಊದುಬತ್ತಿ. ಹೊಲಿಯುತ್ತೀರಾ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವರು ನಕ್ಕು, "ಇಚ್ಚಿನಾರು, ತೀಸ್ಕುನ್ನಾಮು," ಅಂದರು. ಕೊಟ್ಟರು, ತಗೊಂಡೆವು, ಅಷ್ಟೇ. ಬೆಳಗಿನಿಂದ ಸಂಜೆಯವರೆಗೆ ಮಗ್ಗದಲ್ಲಿ ಕೂರುವ ಮನೆಗೆ ಹೊಲಿಗೆ ಮಿಷನ್ ಕೊಟ್ಟವರು ಯಾರೋ, ಅವರು ಅಲ್ಲೊಂದು ಹಗಲು ಕುಳಿತಿದ್ದರೆ ಸಾಕಿತ್ತು. ದೇವರಿಗೆ ಒಂದು ಪೀಠವಾಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಇವರು ಮಾತ್ರ ಬಸ್ಸಿನಲ್ಲಿ, ಅದನ್ನು ಕೊಟ್ಟದ್ದು ನಮ್ಮ ಸಂಸ್ಥೆಯೇ ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತರು.

ಬೇಸಿಗೆ ಶುರುವಾಗುವಾಗ ಇವರ ಕಚೇರಿಯಿಂದ ಹೊಸ ಯೋಜನೆ ಬಂತು. ತಳಕು ಎನ್ನುವ ಊರಿನ ಆಚೆಯ ಒಂದು ಹಟ್ಟಿಯಲ್ಲಿ ಮನೆಮನೆಯ ಹೆಂಗಸರಿಗೆ ಮೊಟ್ಟೆಯಿಡುವ ಕೋಳಿ ಕೊಡುವುದು. ಹಟ್ಟಿ ಎಂದರೆ ದನ, ಕುರಿ ಕಾಯುವ ಮಂದಿಯ ಊರು. ಮೊಟ್ಟೆ ಮಕ್ಕಳಿಗೆ, ಮಿಕ್ಕಿದ್ದು ಸಂತೆಗೆ. ಕೇಳಲು ಚೆನ್ನಾಗಿತ್ತು. ಹಟ್ಟಿಯಲ್ಲಿ ಮೀಟಿಂಗ್ ಆಯಿತು, ಎಲ್ಲರೂ ತಲೆಯಾಡಿಸಿದರು, ಕೋಳಿ ಸಾಕುವ ಫಾರಂನವರಿಗೆ ಹೇಳಿಯೂ ಆಯಿತು. ಹಂಚುವುದನ್ನು ನೋಡಲು ಪರದೇಶದಿಂದ ಒಬ್ಬ ಮೇಡಂ ಬರುವವರಿದ್ದರು. ಇವರ ಮುಂದಿನ ವರ್ಷ ಇರುವುದು ಅವರ ಒಂದು ಮಾತಿನಲ್ಲಿ. ಇವರು ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಾ ಕಲಸುತ್ತಾ ಬಿಟ್ಟೇಳುತ್ತಿದ್ದರು.

ಶೇಂಗಾ ಸುಲಿಯುವಾಗ ನಾನು ಸಂತೋಷದ ಸುದ್ದಿ ಎಂದೇ ಬೋರಮ್ಮನಿಗೆ ಹೇಳಿದೆ. "ನಿಮ್ಮ ತವರು ಹಟ್ಟಿಗೆ ಇವರು ಕೋಳಿ ಕೊಡ್ತಾರಂತೆ ಅಮ್ಮ."

ಬೋರಮ್ಮನ ಕೈ ನಿಂತಿತು. "ಯಾವ ಹಟ್ಟಿಗೆ?"

"ನಿಮ್ಮ ತಮ್ಮ ಪಾಲಯ್ಯ ಇರುವ ಹಟ್ಟಿಗೇ."

"ಅಯ್ಯೋ ನಮ್ಮವ್ವ! ನಮ್ ಮ್ಯಾಸರ ಹಟ್ಟಿಯಾಗೆ ಕೋಳಿ ಕೂಗಂಗಿಲ್ಲ ಕಣೆ. ಅಲ್ಲಿ ದೇವರ ಎತ್ತು ಅದಾವೆ."

ಅವರು ಬಿಡಿಸಿ ಹೇಳಿದರು. ಹಟ್ಟಿಯಲ್ಲಿ ದೇವರಿಗೆಂದೇ ಬಿಟ್ಟ ದನಗಳ ಹಿಂಡಿದೆ. ಅವನ್ನು ಉಳುವುದಿಲ್ಲ, ಮಾರುವುದಿಲ್ಲ. ಕಾಯುವವನು ಕಿಲಾರಿ, ಪಾಲಯ್ಯ ಆ ಕಿಲಾರಿ. ಹಿಂಡು ತಂಗುವ ಮುಳ್ಳುಬೇಲಿಯ ರೊಪ್ಪಕ್ಕೆ ಚಪ್ಪಲಿ ಹಾಕಿ ಹೋಗುವಂತಿಲ್ಲ. ಕೋಳಿ ಮ್ಯಾಸ ಮಂದಿಗೆ, ಅಂದರೆ ಬೋರಮ್ಮನ ಕುಲದವರಿಗೆ, ಆಗದು. ತಿನ್ನುವುದೂ ಇಲ್ಲ, ಸಾಕುವುದೂ ಇಲ್ಲ. ನಮ್ಮ ಹೊಸ್ತಿಲ ನಿಯಮ ಒಬ್ಬ ಮುದುಕಿಯದಲ್ಲ, ಇಡೀ ಹಟ್ಟಿಯದು.

"ಮತ್ತೆ ಮೀಟಿಂಗ್‌ನಲ್ಲಿ ಯಾಕೆ ಬೇಡ ಅನ್ನಲಿಲ್ಲ?"

"ಮನೆ ಬಾಗಿಲಿಗೆ ಬಂದು ಕೊಡ್ತೀನಿ ಅನ್ನೋರಿಗೆ ಬ್ಯಾಡ ಅಂತಾರೇನವ್ವ?"

ಸಂಜೆ ಇವರು ಕಾಲು ತೊಳೆಯುವುದಕ್ಕೂ ಬಿಡದೆ ಹೇಳಿದೆ. "ಹೋಯ್, ಕೇಂಡ್ರ್ಯಾ? ಆ ಹಟ್ಟಿಯಲ್ಲಿ ಕೋಳಿ ಆಗುದಿಲ್ಲೆ ಅಂಬ್ರ್."

ಇವರು ಚೊಂಬು ಕೆಳಗಿಟ್ಟರು. ಆಮೇಲೆ ಮೇಲಿನವರಿಗೆ ಫೋನ್ ಮಾಡಿದರು. ಆಚೆಯ ದನಿ ನನಗೂ ಕೇಳುತ್ತಿತ್ತು. ಅದೆಲ್ಲ ಮೂಢನಂಬಿಕೆ, ನೀವೇ ತಿಳಿಹೇಳಬೇಕು, ಜನ ಒಪ್ಪಿಕೊಂಡ ಮೇಲೆ ಹಿಂದೆ ಸರಿದರೆ ಮೇಡಂ ಎದುರು ಏನು ತೋರಿಸುವುದು? ಫೋನ್ ಇಟ್ಟು ಇವರು ನನ್ನ ಮೇಲೇ ಹರಿಹಾಯ್ದರು. "ಎಂತ ಮಾಡುದ್ ಮಾರಾಯ್ತಿ? ನಿಲ್ಲಿಸಿದರೆ ಕೆಲಸ ಹೋಯ್ತ್. ನಿಲ್ಲಿಸದಿದ್ರೆ ಆ ಜನ ಎಂತ ಮಾಡ್ತೊ ಗೊತ್ತಿಲ್ಲೆ."

"ಹೋಗಿ ಕೇಂಬ," ಅಂದೆ. ಬೇರೇನೂ ನನಗೆ ತೋಚಲಿಲ್ಲ.

ಮರುದಿನ ಬೋರಮ್ಮ ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿಕೊಂಡು ತವರಿಗೆ ಹೊರಟರು. ಹಟ್ಟಿಯ ಅಂಚಿನಲ್ಲೇ ಚಪ್ಪಲಿ ಬಿಡಿಸಿದರು. ಕಾದ ನೆಲ, ಮುಳ್ಳು. ನಮ್ಮ ದೈವಸ್ಥಾನದ ಅಂಗಳದಲ್ಲಿ ನಡೆದ ಹಾಗೆ ನಡೆದೆ, ಉರಿ ಕಡಿಮೆಯಾದಂತಾಯಿತು. ಈ ಸಲ ಮೀಟಿಂಗ್ ಇಲ್ಲ, ಬ್ಯಾನರ್ ಇಲ್ಲ. ಬೋರಮ್ಮ ಒಂದು ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತರು, ಹೆಂಗಸರು ಒಬ್ಬೊಬ್ಬರೇ ಬಂದರು. ನಾನು ಸುಮ್ಮನೆ ಅವರ ಅವರೆಕಾಯಿ ಸುಲಿದೆ. ಇವರು ದೂರ ಬೇವಿನ ಮರದಡಿ ಪಾಲಯ್ಯನ ಜೊತೆ ಕೂತರು.

ಸೂರಮ್ಮ ಎನ್ನುವ ಹೆಂಗಸು ಮೊದಲು ಬಾಯಿ ಬಿಟ್ಟಳು. "ಬ್ಯಾಡ ಅನ್ನಾಕೆ ಅಂಜಿಕೆ ಕಣಕ್ಕ. ನೀರಿನ ತೊಟ್ಟಿ ಕೊಟ್ಟೋರು ನಿಮ್ಮೋರೇ ಅಲ್ವಾ? ಕೋಳಿ ಬ್ಯಾಡ ಅಂದು ಅವ್ರು ಮುನಿಸ್ಕಂಡು ಹೋದ್ರೆ, ನಾಳೆ ಪಂಪು ಕೆಟ್ರೆ ಯಾರ್ ಬತ್ತಾರೆ?"

"ಹಾಗಾದರೆ ಕೋಳಿ ಬಂದರೆ ಏನು ಮಾಡ್ತಿದ್ರಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಹಟ್ಟಿ ಗಡಿ ಆಚೆ ನಿಂತು ಈಸ್ಕಂಡು, ಫೋಟೋ ಹೊಡಸ್ಕಂಡು, ಸಂತೆಗೆ ಸಾಗಿಸ್ತಿದ್ವಿ. ಇನ್ನೇನ್ ಮಾಡಾದು?"

ಅವರು ನಗುತ್ತಿದ್ದರೆ ನನಗೆ ಬೆವರು. ಕೊಟ್ಟ ಕೋಳಿ ಸಂತೆಯಲ್ಲಿ ಮಾರಾಟವಾಯಿತು ಎಂದು ಮೇಲಿನವರಿಗೆ ತಿಳಿದರೆ ಹಟ್ಟಿಯವರು ಕಳ್ಳರಾಗುತ್ತಿದ್ದರು, ನಮ್ಮವರು ಕಳ್ಳರಿಗೆ ಕೊಟ್ಟವರಾಗುತ್ತಿದ್ದರು. ಒಂದು "ಬೇಡ" ಹೇಳಲು ಜಾಗ ಇಲ್ಲದ ಕಡೆ ಹೀಗಾಗುತ್ತದೆ. ಅವರಿಗೆ ನಿಜಕ್ಕೂ ಬೇಕಾದದ್ದು ಹಟ್ಟಿಯಲ್ಲೊಂದು ಹಿಟ್ಟಿನ ಗಿರಣಿ. ರಾಗಿ ಹೊತ್ತು ತಳಕಿನವರೆಗೆ ಹೋಗಿ, ಅಲ್ಲಿ ಕರೆಂಟಿಲ್ಲದೆ ಹಾಗೇ ಹೊತ್ತು ಬರುವ ಗೋಳು. ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. ಸೂರಮ್ಮ ಅವರೆಕಾಯಿಯ ಸಿಪ್ಪೆ ಎಸೆದು ಹೇಳಿದಳು: "ಯಾರ್ ಕೇಳಿದ್ರು? ಕೋಳಿ ಎಷ್ಟ್ ಬೇಕು ಅಂತ ಕೇಳಿದ್ರು."

ಹಿಂದಿರುಗಿದ ಮೇಲೆ ಇವರು ಕೋಳಿ ಕಳಿಸಬೇಡಿ ಎಂದು ಮತ್ತೆ ಮತ್ತೆ ಫೋನ್ ಮಾಡಿದರು. ನೋಡೋಣ ಎನ್ನುವ ಉತ್ತರ ಬಂತು. ನೋಡೋಣ ಎಂದವರು ನೋಡಲಿಲ್ಲ. ಒಂದು ಮಧ್ಯಾಹ್ನ, ಇವರು ಚಿತ್ರದುರ್ಗಕ್ಕೆ ಹೋಗಿದ್ದಾಗ, ಕೋಳಿ ತುಂಬಿದ ವ್ಯಾನ್ ನಮ್ಮ ಬಾಗಿಲ ಮುಂದೆಯೇ ಬಂದು ನಿಂತಿತು. ಡ್ರೈವರ್ ರಹೀಮ್ ಹಟ್ಟಿಗೆ ದಾರಿ ಕೇಳಲು ಬಂದಿದ್ದ. ಇವರಿಗೆ ಫೋನ್ ಹೋಗುತ್ತಿಲ್ಲ. ವ್ಯಾನಿನ ಪೆಟ್ಟಿಗೆಗಳಲ್ಲಿ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು.

"ಭಾಬಿ, ಬೇಗ ಹೇಳಿ. ಇನ್ನೊಂದು ಗಂಟೆ ನಿಂತ್ರೆ ಅರ್ಧ ಸತ್ತೋಗ್ತವೆ. ನನ್ನ ಜಿಮ್ಮೇದಾರಿ ಅಲ್ಲ ಆಮೇಲೆ."

ಅವನನ್ನು ಹಟ್ಟಿಗೆ ಕಳಿಸಿದರೆ ಸೂರಮ್ಮನ ಅಂಗಳ ಮೈಲಿಗೆ. ಇಲ್ಲೇ ಇಳಿಸೋಣವೆಂದರೆ ಬೋರಮ್ಮನ ಹೊಸ್ತಿಲು. ಹಿಂದಕ್ಕೆ ಕಳಿಸಿದರೆ ದಾರಿಯಲ್ಲೇ ಸಾವು, ಇವರ ಕೆಲಸಕ್ಕೂ ಅದೇ ಗತಿ. ನಾನು ಬಾಗಿಲ ಚೌಕಟ್ಟು ಹಿಡಿದು "ಹಾಯ್ಗುಳೀ" ಎಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಬೋರಮ್ಮ ತುಂಬಿದ ಬಕೆಟ್ಟನ್ನು ಎಳೆದು ತಂದು ಹೊಸ್ತಿಲ ಒಳಗೆ ನಿಂತಿದ್ದರು.

"ಏನ್ ಬಾಯಿ ಬಿಟ್ಕಂಡು ನೋಡ್ತೀಯ? ತಗೋ, ಕುಡಿಸು. ಒಳಗೆ ಬರಂಗಿಲ್ಲ ಅಂದೆ, ಸಾಯ್ಲಿ ಅಂದ್ನಾ?"

ಹೊಸ್ತಿಲಿನಾಚೆ ಅವರು ಕೈಯಿಡಲಿಲ್ಲ. ಒಳಗಿನಿಂದ ಅವರು ಬಕೆಟ್ ಕೊಡುವುದು, ಹೊರಗಿನಿಂದ ನಾನು ಈಸಿಕೊಳ್ಳುವುದು, ರಹೀಮ್ ಪೆಟ್ಟಿಗೆಗಳ ಬಟ್ಟಲಿಗೆ ಹೊಯ್ಯುವುದು. ವ್ಯಾನನ್ನು ಎಣ್ಣೆ ಮಿಲ್ಲಿನ ಗೋಡೆಯ ನೆರಳಿಗೆ ಸರಿಸಿದೆವು. ಕೊನೆಗೆ ಇವರ ಫೋನ್ ಸಿಕ್ಕಿತು. ನಾನು ಎಲ್ಲ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು. ಆಮೇಲೆ, "ದೇವಸಮುದ್ರದ ಬದಿಯ ಹೆಂಗಸರು ಆಗ್ಲೇ ಕೋಳಿ ಕೇಂಡಿದ್ರ್. ಅಲ್ಲಿಗೆ ಹೋಪುಕೆ ಹೇಳ್," ಅಂದರು.

"ಮೇಲಿನವರು?"

"ಬೈದ್ರೆ ಬಯ್ಲಿ." ಎಂದು ಫೋನ್ ಇಟ್ಟರು.

ಕೋಳಿಗಳು ದೇವಸಮುದ್ರದ ಕಡೆಯ ಹಳ್ಳಿಯನ್ನು ಜೀವಸಹಿತ ಮುಟ್ಟಿದವು, ಅಲ್ಲಿನ ಹೆಂಗಸರು ಖುಷಿಯಿಂದ ಇಳಿಸಿಕೊಂಡರು ಎಂದು ಸಂಜೆ ಸುದ್ದಿ ಬಂತು. ಮೇಲಿನಿಂದ ಮಾತ್ರ ಬಂದದ್ದು ಖಾರದ ಮಾತು: ಮೇಡಂ ಹಟ್ಟಿಗೇ ಬರುತ್ತಾರೆ, ಕೋಳಿ ಎಲ್ಲಿ ಎಂದರೆ ನೀವೇ ಉತ್ತರ ಕೊಡಿ. ಮೇಡಂ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ದೇವರಿಗೇ ಗೊತ್ತು. ಇವರ ಬಿ.ಪಿ. ಮಾತ್ರೆ ತಪ್ಪದಂತೆ ನೋಡಿಕೊಂಡೆ.

ಕಾರಿನ್ ಎನ್ನುವ ಆ ಮೇಡಂ ಹಟ್ಟಿಗೆ ಬಂದರು. ಬೆಳ್ಳಗೆ, ಎತ್ತರಕ್ಕೆ, ಬಿಸಿಲಿಗೆ ಆಗಲೇ ಕೆಂಪಾಗಿದ್ದರು. ಹಟ್ಟಿಯ ಹೆಂಗಸರು ಅಂಜದೆ ಮಾತಾಡಲೆಂದು ನನ್ನನ್ನೂ ಬೋರಮ್ಮನನ್ನೂ ಇವರು ಕರೆದೊಯ್ದಿದ್ದರು. ಚಪ್ಪಲಿ ಬಿಡಿ ಎಂದಾಗ ಮೇಡಂ ಬಿಟ್ಟರು, ಕಾಲು ಎತ್ತಿ ಎತ್ತಿ ನಡೆದರು. ಬೇವಿನಡಿ ಕೂತು, ಕೋಳಿ ಎಲ್ಲಿ ಎಂದು ಕೇಳಿದರು. ಇವರು ಅದನ್ನು ಕನ್ನಡಕ್ಕೆ ತಿರುಗಿಸಿದರು. ಹೆಂಗಸರು ಮತ್ತೆ ಇವರ ಕಡೆ ನೋಡಿದರು. ಇವರು ಬಾಯಿ ತೆರೆದು ನಿಜವನ್ನೆಲ್ಲ ಹೇಳಿದರು. ಕೋಳಿಯನ್ನು ಬೇರೆ ಊರಿಗೆ ತಿರುಗಿಸಿದ್ದು ತಾವೇ ಎಂದೂ ಹೇಳಿದರು. ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ.

ಆಗ ಪಾಲಯ್ಯ ಕೋಲೂರಿ ಮುಂದೆ ಬಂದ. "ಸ್ವಾಮಿ, ಆ ಅಮ್ಮನ್ನ ಒಂದ್ ಮಾತು ಕೇಳ್ರಿ. ಅವರೂರಾಗೆ ತಿನ್ನದಂತದ್ದು ಏನೂ ಇಲ್ವಾ?"

ಮೇಡಂ ಯೋಚಿಸಿ, ಕುದುರೆ ಅಂದರು. ಪಕ್ಕದ ದೇಶದವರು ತಿನ್ನುತ್ತಾರಂತೆ, ಮೇಡಂ ಮನೆಯಲ್ಲಿ ಇಲ್ಲವಂತೆ. ಅವರ ಅಜ್ಜ ಕುದುರೆ ಸಾಕಿದವರಂತೆ.

"ಹಂಗಾ? ಹಂಗಾದ್ರೆ ನಾವೂ ಒಂದು ಸ್ಕೀಮ್ ಮಾಡ್ತೀವಿ. ಅವರೂರಿಗೆ ಮನೆಗೊಂದು ಕುದ್ರೆ ಕೊಯ್ದು ಕಳಿಸ್ತೀವಿ. ಸುಮ್ಕೆ ತಲೆ ಆಡಿಸಿ ಈಸ್ಕಳ್ಳಿ, ಫೋಟೋ ಹೊಡಸ್ಕಳ್ಳಿ!"

ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಇವರು ಹೆದರಿ ಹೆದರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ಜೋರಾಗಿ ನಕ್ಕರು, ನಗುತ್ತ ಕಣ್ಣೊರೆಸಿಕೊಂಡರು. ಆಮೇಲೆ ಸೂರಮ್ಮ ಗಿರಣಿಯ ಮಾತೆತ್ತಿದಳು. ಮೇಡಂ ರಾಗಿ ಮೂಟೆ ಎತ್ತಿ ನೋಡಿದರು. ಮಂಡಿಯವರೆಗೆ ಬಂತು, ಅಷ್ಟೇ.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಗಿರಣಿ ಇನ್ನೂ ಬಂದಿಲ್ಲ. ಹಿಮದ ದೇಶದಲ್ಲಿ ಯಾರೋ ಒಪ್ಪಬೇಕು, ದೊಡ್ಡ ಊರಿನಲ್ಲಿ ಯಾರೋ ಸಹಿ ಮಾಡಬೇಕು. ಸೂರಮ್ಮ ಇನ್ನೂ ತಳಕಿಗೆ ರಾಗಿ ಹೊರುತ್ತಾಳೆ, ಸಿಕ್ಕಿದಾಗೆಲ್ಲ "ಏನಕ್ಕ, ನಿಮ್ ಗಿರಣಿ ಕುದ್ರೆ ಮೇಲೆ ಬತ್ತೈತಾ?" ಎಂದು ಚುಚ್ಚುತ್ತಾಳೆ. ಚುಚ್ಚುವುದು ಒಳ್ಳೆಯದೇ, ಮೊದಲಿನ ಹಾಗೆ ತಲೆಯಾಡಿಸುವುದಿಲ್ಲವಲ್ಲ. ಇವರಿಗೆ ಇನ್ನೊಂದು ವರ್ಷ ಸಿಕ್ಕಿತು. ಒಂದೇ ವರ್ಷ. ಮುಂದಿನ ಬೇಸಿಗೆಗೆ ಮತ್ತೆ ಇದೇ ಎದೆಬಡಿತ. ಆದರೂ ಇವರು ಈಗ ತಟ್ಟೆಯಲ್ಲಿ ಅನ್ನ ಬಿಡುವುದಿಲ್ಲ. ಹಳ್ಳಿಗೆ ಹೋದರೆ ಮೊದಲು ಕೇಳುವುದು ಅಲ್ಲಿ ಏನು ಆಗುವುದಿಲ್ಲ ಎಂದು. ಏನು ಬೇಕು ಎನ್ನುವುದು ಆಮೇಲೆ.

ಕೆಲಸ ಉಳಿದ ಮೇಲೆ ಹರಕೆ ಉಳಿಸಿಕೊಳ್ಳುವಂತಿಲ್ಲ. ಬೋರಮ್ಮನಿಗೆ ಹರಕೆಯ ವಿಷಯ ತಿಳಿಸಿ, ನಾನು ಊರಿಗೆ ಹೋಗಿ ಹಾಯ್ಗುಳಿಗೆ ಹುಂಜ ಒಪ್ಪಿಸಿದೆ. ಅತ್ತಿಗೆ ಪ್ರಸಾದದ ಕೋಳಿಸಾರು ಬಡಿಸಿದಳು. ಮೊದಲ ತುತ್ತು ನುಂಗಿ ಕೈಯನ್ನು ತಟ್ಟೆಯಲ್ಲೇ ಇಟ್ಟೆ. ಯಾಕೆ ಅಂದಳು. ಖಾರ ಅಂದೆ. ದೈವದ ಪ್ರಸಾದ ಬಿಡಬಾರದು, ಬಿಡದೆ ಉಂಡೆ. ಮಳೆಯ ಸದ್ದು, ತೆಂಗಿನ ಗರಿ, ನನ್ನ ಮಾತು, ಎಲ್ಲ ಇತ್ತು. ಆದರೆ ಮನಸ್ಸು ನಡುವೆ ನಡುವೆ ಶೇಂಗಾ ಮೊರದ ಕಡೆ ಹೋಗುತ್ತಿತ್ತು. ತಿಂದದ್ದನ್ನು ಬೋರಮ್ಮನಿಗೆ ಹೇಳುವುದೋ ಬಿಡುವುದೋ ಎಂದು ಬಸ್ಸಿನುದ್ದಕ್ಕೂ ಕೊರೆತ. ಹೇಳಿದರೆ ಮನೆ ಬಿಡಿ ಎಂದರೆ? ಹೇಳದೆ ಒಳಗೆ ಹೋದರೆ ಅವರ ದೇವರಿಗೆ ಮೋಸವಲ್ಲವೇ?

ಚಳ್ಳಕೆರೆಯಲ್ಲಿ ಇಳಿದು ಮನೆ ಮುಟ್ಟಿದಾಗ ಬೋರಮ್ಮ ಹೊಸ್ತಿಲ ಒಳಗೆ ನಿಂತಿದ್ದರು. ಹೊರಗೆ, ಮೆಟ್ಟಿಲ ಪಕ್ಕ, ನೀರು ತುಂಬಿದ ಅದೇ ಬಕೆಟ್.

"ನಿಮ್ ದೇವರಿಗೆ ಕೊಟ್ಟು ಬಂದ್ಯಾ?"

"ಕೊಟ್ಟೆ ಅವ್ವ. ಉಂಡೂ ಬಂದೆ." ಅಮ್ಮ ಎನ್ನುತ್ತಿದ್ದವಳ ಬಾಯಲ್ಲಿ ಅವ್ವ ಬಂದದ್ದು ನನಗೇ ಆಮೇಲೆ ತಿಳಿಯಿತು.

"ಉಣ್ಣದೆ ಬಂದಿದ್ರೆ ಬೈತಿದ್ದೆ. ಹೊಯ್ಕ ನೀರು, ಬಾ ಒಳಗೆ. ಮುದ್ದೆ ಆರ್ತೈತೆ."

ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡೆ. ಹೊಟ್ಟೆಯಲ್ಲಿ ಒಂದು ದೇವರ ಪ್ರಸಾದ, ಮೈಮೇಲೆ ಇನ್ನೊಂದು ದೇವರ ಕಟ್ಟಳೆ. ಯಾರಲ್ಲಿ ಮೊದಲು ಬೇಡಿಕೊಳ್ಳುವುದೆಂದು ತಿಳಿಯದೆ, ಸೀರೆಯ ನೀರು ಇಳಿಯುವವರೆಗೆ ಹೊಸ್ತಿಲ ಹೊರಗೇ ಸ್ವಲ್ಪ ಹೊತ್ತು ನಿಂತಿದ್ದೆ.